ಸಿಡಿ4 ವರದಿಯನ್ನು ಓದಿಕೊಳ್ಳುವ ಬಗೆ

ಮುಂಬೈಯ ಹೋಟೆಲುಗಳಲ್ಲಿ ದುಡಿಯುವ ನಮ್ಮವರಲ್ಲಿ ಎಚ್‌ಐವಿ ಇರುವವರು, ಊರಿನವರ ಕಣ್ಣಿಗೆ ಬಿದ್ದೀತೆಂಬ ಅಂಜಿಕೆಯಿಂದ ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಕೇಂದ್ರದ ವರದಿಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಳಿಸುತ್ತಾರೆ; ಅದರಲ್ಲಿ ಏನಿದೆಯೆಂದು ಕೇಳುವುದಕ್ಕೂ ಹಿಂಜರಿಯುತ್ತಾರೆ. ಅದನ್ನು ಬಿಡಿಸಿ, ಸಿಡಿ4 ಎಂಬುದರ ಮುಂದಿನ ಅಂಕಿಯನ್ನು ನೋಡಬೇಕು.

ಸಿಡಿ4 ಒಂದು ಬಗೆಯ ಬಿಳಿ ರಕ್ತಕಣ. ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ ಅದು ಅಡುಗೆಭಟ್ಟನಲ್ಲ, ಮೇಲ್ವಿಚಾರಕ: ರೋಗಾಣು ಹೊಕ್ಕಾಗ ಉಳಿದ ಕಣಗಳನ್ನು ಕೆಲಸಕ್ಕೆ ಹಚ್ಚುವುದು ಅದೇ. ಎಚ್‌ಐವಿ ಈ ಕಣದೊಳಗೇ ನುಗ್ಗಿ, ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಪರಿವರ್ತಿಸಿ, ಕಣದ ವಂಶವಾಹಿಯಲ್ಲಿ ಸೇರಿಸಿಬಿಡುತ್ತದೆ. ಮಾತ್ರೆಗಳು ವೈರಸ್ ವೃದ್ಧಿಯಾಗುವುದನ್ನು ತಡೆಯುತ್ತವೆ, ಆದರೆ ಹೀಗೆ ಅಡಗಿದ ಪ್ರತಿಯನ್ನು ಕಿತ್ತು ಹಾಕಲಾರವು. ಆದ್ದರಿಂದಲೇ ಚಿಕಿತ್ಸೆ ಜೀವನಪರ್ಯಂತ.

ಆರೋಗ್ಯವಂತ ವಯಸ್ಕರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ ಸುಮಾರು 500ರಿಂದ 1500 ಸಿಡಿ4 ಕಣಗಳಿರುತ್ತವೆ. 200ಕ್ಕಿಂತ ಕಡಿಮೆಯಾದರೆ ಅದನ್ನು ಏಡ್ಸ್ ಹಂತವೆಂದು ಪರಿಗಣಿಸುತ್ತಾರೆ, ಮತ್ತು ಆರೋಗ್ಯವಂತರನ್ನು ಕಾಡದ ಶಿಲೀಂಧ್ರಗಳೂ ಆಗ ಶ್ವಾಸಕೋಶವನ್ನು ಹಿಡಿಯುತ್ತವೆ. 100ರ ಕೆಳಗೆ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಮಿದುಳಿನ ಪೊರೆಯನ್ನೂ, 50ರ ಕೆಳಗೆ ಸೈಟೋಮೆಗಲೋವೈರಸ್ ಕಣ್ಣಿನ ಅಕ್ಷಿಪಟಲವನ್ನೂ ಬಾಧಿಸಬಹುದು. ಕ್ಷಯ ಮಾತ್ರ ಯಾವ ಅಂಕಿಗೂ ಕಾಯುವುದಿಲ್ಲ. ಹತ್ತು ಮಂದಿ ಒಂದೇ ಕೋಣೆಯಲ್ಲಿ ಮಲಗುವ ಈ ನಗರದಲ್ಲಿ ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ ಇವುಗಳಲ್ಲಿ ಒಂದು ಕಂಡರೂ ಸಿಡಿ4 ಚೆನ್ನಾಗಿದೆಯೆಂದು ಸುಮ್ಮನಿರದೆ ಕಫ ಪರೀಕ್ಷೆಯ ಬಗ್ಗೆ ಕೇಳಬೇಕು.

ಒಂದೇ ವರದಿಯಿಂದ ಗಾಬರಿಯಾಗುವುದು ಬೇಡ. ಸಣ್ಣ ಸೋಂಕಿಗೂ ಸಿಡಿ4 ತಾತ್ಕಾಲಿಕವಾಗಿ ಇಳಿಯುತ್ತದೆ, ದಿನದ ಹೊತ್ತಿಗೆ ತಕ್ಕಂತೆಯೂ ಏರಿಳಿಯುತ್ತದೆ. ಹಿಂದಿನ ವರದಿಗಳನ್ನು ಪಕ್ಕದಲ್ಲಿಟ್ಟುಕೊಂಡು ಅದು ಸಾಗುತ್ತಿರುವ ದಿಕ್ಕನ್ನು ಗಮನಿಸಬೇಕು. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ನಿಜವಾಗಿ ಹೇಳುವುದು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ. ನನ್ನ ಮಟ್ಟಿಗೆ ಸಿಡಿ4ಗಿಂತ ಮೊದಲು ಕೇಳಬೇಕಾದ ಅಂಕಿ ಇದೇ, ಏಕೆಂದರೆ ಅದು ಪತ್ತೆಯಾಗದಷ್ಟು ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ.

ಚಿಕಿತ್ಸೆಯ ಆರಂಭದ ವಾರಗಳಲ್ಲಿ, ಚೇತರಿಸಿಕೊಂಡ ರೋಗನಿರೋಧಕ ಶಕ್ತಿಯು ಅಡಗಿದ್ದ ಕ್ಷಯದ ಮೇಲೆ ತಿರುಗಿಬಿದ್ದು ಜ್ವರ ಬರಬಹುದು. ಮಾತ್ರೆಯೇ ಒಗ್ಗಲಿಲ್ಲವೆಂದು ಬಗೆದು ನಿಲ್ಲಿಸದೆ, ಕೂಡಲೇ ಕೇಂದ್ರಕ್ಕೆ ಹೋಗಬೇಕು. ಊರಿಗೆ ಹೊರಡುವವರು ರಜೆಯ ದಿನಗಳನ್ನು ಮೊದಲೇ ತಿಳಿಸಿ ಅಷ್ಟಕ್ಕಾಗುವ ಮಾತ್ರೆಗಳನ್ನು ಪಡೆದುಕೊಳ್ಳಬೇಕು. ಅಲ್ಲಿಯೇ ನೆಲೆಸುವುದಾದರೆ ವರ್ಗಾವಣೆ ಪತ್ರ ಪಡೆದು ಕರ್ನಾಟಕದ ಸರ್ಕಾರಿ ಎಆರ್‌ಟಿ ಕೇಂದ್ರದಲ್ಲಿ ಚಿಕಿತ್ಸೆಯನ್ನು ಉಚಿತವಾಗಿಯೇ ಮುಂದುವರಿಸಬಹುದು. ಸಂದೇಹಗಳಿಗೆ 1097 ಸಹಾಯವಾಣಿ ಇದೆ.