ಕಾಡಿಗೆ ಹೋಗಿದ್ರಾ ಅಂತ ಕೇಳಿ ಕೆಟ್ಟೆ

“ದನದ ಡಾಕ್ಟ್ರಿಗೆ ನಮ್ಮ ಜ್ವರದ ಉಸಾಬರಿ ಯಾಕ್ರೀ ಬಾಯಾರ?”

ಗೋವಾದ ಸತ್ತರಿ ತಾಲ್ಲೂಕಿನ ಗೇರು ತೋಟವೊಂದರಲ್ಲಿ ಸವದತ್ತಿ ಕಡೆಯ ಹೆಂಗಸೊಬ್ಬರು ನನ್ನನ್ನು ಹೀಗೆ ಕೇಳಿದರು. ನಮ್ಮವ್ವನದೂ ಇದೇ ಪ್ರಶ್ನೆ. ಹಾನಗಲ್ಲಿನ ಹುಡುಗಿ ಬೀದರಿಗೆ ಹೋಗಿ ಪಶುವೈದ್ಯ ಓದಿದಳು. ಮದುವೆಯಾಗಿ ಗೋವಾಕ್ಕೆ ಬಂದಳು. ಈಗ ಸತ್ತ ಮಂಗ ಹುಡುಕಿಕೊಂಡು ಊರೂರು ತಿರುಗುತ್ತಾಳೆ ಅಂತ ಬೀಗರ ಮುಂದೆ ಹೇಗೆ ಹೇಳುವುದು ಅಂತ ಅವಳ ಚಿಂತೆ.

ಕೆಲಸ ಕೇಳಲು ಸರಳವೇ. ಪ್ರಾಣಿಗಳಿಂದ ಮನುಷ್ಯರಿಗೆ ಬರುವ ರೋಗ ಎಲ್ಲಿ ಶುರುವಾಯಿತು, ಯಾರಿಗೆ ಬಂತು, ಯಾರಿಗೆ ಬರಲಿಲ್ಲ, ಯಾಕೆ ಅಂತ ಪತ್ತೆ ಮಾಡುವುದು. ಇಂಜೆಕ್ಷನ್ ಕೊಡುವುದು ಕಡಿಮೆ. ಎಣಿಸುವುದು ಮತ್ತು ಕೇಳುವುದು ಜಾಸ್ತಿ.

ಎಣಿಸಲು ಕಲಿತದ್ದು ಬೀದಿನಾಯಿಗಳಿಂದ. 2014ರಿಂದ ಗೋವಾ ಸರ್ಕಾರದ ಜೊತೆ ಸೇರಿ ಮಿಷನ್ ರೇಬೀಸ್ ಸಂಸ್ಥೆ ಇಲ್ಲಿ ನಾಯಿಗಳಿಗೆ ಲಸಿಕೆ ಹಾಕುತ್ತಿತ್ತು. ಬಲೆ ಬೀಸಿ ಹಿಡಿಯುವುದು, ಲಸಿಕೆ ಹಾಕುವುದು, ಮೈಮೇಲೆ ಬಣ್ಣ ಬಳಿದು ಬಿಡುವುದು. ಆಮೇಲೆ ಅದೇ ಬೀದಿಗಳಲ್ಲಿ ತಿರುಗಿ, ಹತ್ತು ನಾಯಿಗಳಲ್ಲಿ ಎಷ್ಟಕ್ಕೆ ಬಣ್ಣ ಇದೆ ಅಂತ ಲೆಕ್ಕ ಹಾಕುವುದು. ಏಳಕ್ಕೆ ಇದ್ದರೆ ಸರಿ. ಐದಕ್ಕೇ ಇದ್ದರೆ ಮತ್ತೆ ಬಲೆ ತೆಗೆದುಕೊಂಡು ಹೊರಡಬೇಕು. ನಾನು ಸ್ವಲ್ಪ ದಿನ ಈ ಎಣಿಕೆಗೆ ಹೋದೆ. 2021ರಲ್ಲಿ ಗೋವಾವನ್ನು ರೇಬೀಸ್ ನಿಯಂತ್ರಿತ ಪ್ರದೇಶ ಅಂತ ಘೋಷಿಸಿದಾಗ ಒಬ್ಬಳೇ ಅಡುಗೆಮನೆಯಲ್ಲಿ ಪಾಯಸ ಮಾಡಿಕೊಂಡು ತಿಂದೆ.

ಕೇಳಲು ಕಲಿಸಿದ್ದು ಮಂಗನ ಕಾಯಿಲೆ.

ಹಾನಗಲ್ಲಿನ ಪಕ್ಕದ ತಾಲ್ಲೂಕೇ ಸೊರಬ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಜನರಿಗೂ ಜ್ವರ ಬಂತು. ಹಳದಿ ಜ್ವರ ಭಾರತಕ್ಕೂ ಬಂತೇನೋ ಅಂತ ಮೊದಲು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ನೋಡಿದರೆ ಅದು ಹೊಸದೇ ವೈರಸ್, ಹರಡುತ್ತಿದ್ದದ್ದು ಉಣ್ಣೆ, ದನ ನಾಯಿಗಳ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಆ ಕೇಂದ್ರವೇ ಈಗಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಹೆಚ್ಚುಕಡಿಮೆ ಅರ್ಧ ಶತಮಾನ ಈ ಕಾಯಿಲೆ ನಮ್ಮ ಮಲೆನಾಡಿನದು ಅಂತಲೇ ಎಲ್ಲರೂ ಅಂದುಕೊಂಡಿದ್ದೆವು. 2015ರಲ್ಲಿ ಸತ್ತರಿಯಲ್ಲಿ ಕಾಣಿಸಿತು. ಮರುವರ್ಷ ಪಕ್ಕದ ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ. ಅಲ್ಲಿನವರು ಮಾಕಡತಾಪ ಅನ್ನುತ್ತಾರೆ. ಚಿಕ್ಕಂದಿನಲ್ಲಿ ಅಜ್ಜಿಯ ಬಾಯಲ್ಲಿ ಕೇಳಿದ ಕಾಯಿಲೆ ನನ್ನನ್ನು ಹುಡುಕಿಕೊಂಡು ಗೋವಾಕ್ಕೇ ಬಂದ ಹಾಗಾಯಿತು.

ನಾನು ಪ್ರಶ್ನೆಪಟ್ಟಿ ಹಿಡಿದುಕೊಂಡು ಸತ್ತರಿಯ ವಾಳ್ಪೈ ಸುತ್ತಮುತ್ತ ತಿರುಗಲು ಶುರುಮಾಡಿದ್ದು 2017ರ ಬೇಸಿಗೆಯಲ್ಲಿ. ಜ್ವರ ಬಂದವರ ಮನೆಗೆ ಹೋಗಬೇಕು. ಜ್ವರ ಶುರುವಾದ ದಿನ ಯಾವುದು ಅಂತ ಕೇಳಿ, ಅಲ್ಲಿಂದ ಮೂರರಿಂದ ಎಂಟು ದಿನ ಹಿಂದಕ್ಕೆ ಎಣಿಸಬೇಕು. ಉಣ್ಣೆ ಕಚ್ಚಿದ್ದು ಆ ದಿನಗಳಲ್ಲೇ ಇರುತ್ತದೆ. ಅವಾಗ ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಅಂತ ಕೇಳಬೇಕು. ತಾರೀಖು ಯಾರಿಗೂ ನೆನಪಿರುವುದಿಲ್ಲ. ಸಂತೆ, ಅಮಾವಾಸ್ಯೆ, ಪಗಾರದ ದಿನ ಇವೇ ಆಧಾರ. ಅಷ್ಟೇ ಮುಖ್ಯವಾಗಿ, ಪಕ್ಕದ ಮನೆಯಲ್ಲಿ ಜ್ವರ ಬಾರದೆ ಗಟ್ಟಿಮುಟ್ಟಾಗಿ ಇರುವವರನ್ನೂ ಕೂರಿಸಿ ಇದೇ ಪ್ರಶ್ನೆ ಕೇಳಬೇಕು. “ನನಗೇನೂ ಆಗಿಲ್ಲಲ್ಲ, ನನ್ನನ್ಯಾಕ ಕೇಳ್ತೀರಿ?” ಅಂತ ಅವರಿಗೆ ಸಿಟ್ಟು. ಅವರಿಲ್ಲದಿದ್ದರೆ ಹೋಲಿಸಿ ನೋಡಲು ನನಗೆ ಏನೂ ಇರುವುದಿಲ್ಲ.

ನನ್ನ ಪಟ್ಟಿಯಲ್ಲಿ ನಾಲ್ಕನೇ ಪ್ರಶ್ನೆ: ಕಳೆದ ಎರಡು ವಾರದಲ್ಲಿ ಕಾಡಿಗೆ ಹೋಗಿದ್ರಾ?

ಎಲ್ಲರೂ ಇಲ್ಲ ಅಂದರು. ಜ್ವರ ಬಂದವರೂ ಇಲ್ಲ, ಬಾರದವರೂ ಇಲ್ಲ. ಮೂರು ವಾರ ಹೀಗೇ ಫಾರ್ಮ್ ತುಂಬಿದೆ. ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದರೆ ಎರಡೂ ಕಡೆ ಒಂದೇ ಉತ್ತರ. ಕಾಡಿಗೆ ಹೋಗದೆ ಮಂಗನ ಕಾಯಿಲೆ ಬಂತಾ?

ಗಂಟು ಬಿಚ್ಚಿದ್ದು ಆ ಸವದತ್ತಿ ಅಕ್ಕ. ಅವರ ಗಂಡನಿಗೆ ಕಾಯಿಲೆ ಬಂದು ಹೋಗಿತ್ತು. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಡೆಂಗ್ಯೂ ಅಂತ ಐದು ದಿನ ಇಟ್ಟುಕೊಂಡಿದ್ದರಂತೆ. ತಪ್ಪು ಅನ್ನಲಾರೆ, ಮೊದಲ ದಿನಗಳಲ್ಲಿ ಎರಡೂ ಒಂದೇ ಥರ: ತಟ್ಟನೆ ಏರುವ ಜ್ವರ, ತಲೆನೋವು, ಮೈಕೈ ನೋವು, ಕೆಂಪು ಕಣ್ಣು. ಆದರೆ ಎಲ್ಲಿ ಕೆಲಸ ಮಾಡ್ತೀಯಪ್ಪ ಅಂತ ಒಂದು ಮಾತು ಕೇಳಬಹುದಿತ್ತು. ನಾನೂ ಸರಿಯಾಗಿ ಕೇಳಿರಲಿಲ್ಲ, ಬಿಡಿ.

“ಕಾಡಿಗೆ ಯಾಕ್ ಹೋಗೂಣ್ರೀ? ನಮಗ ಬಾಗಾಯತ್‌ದಾಗಿನ ಕೆಲಸಾನ ಮುಗಿಯೂದಿಲ್ಲ,” ಅಂದರು ಅಕ್ಕ.

ಬಾಗಾಯತ್ ಅಂದರೆ ಇಲ್ಲಿ ತೋಟ. ಸತ್ತರಿಯ ಗೇರು ತೋಟ ನೋಡಿದರೆ ನಿಮಗೆ ನಗು ಬರುತ್ತದೆ. ತೋಟ ಎಲ್ಲಿ ಮುಗಿಯಿತು, ಮಾದೇಯಿ ಅಭಯಾರಣ್ಯ ಎಲ್ಲಿ ಶುರುವಾಯಿತು ಅಂತ ಮಂಗಕ್ಕೂ ಗೊತ್ತಿಲ್ಲ, ಉಣ್ಣೆಗೂ ಗೊತ್ತಿಲ್ಲ. ಕೂಲಿಯವರಿಗೆ ಮಾತ್ರ ಅದು ತೋಟ. ಕಾಡು ಅಂದರೆ ಹುಲಿ ಇರುವ ಜಾಗ.

ಅವತ್ತು ಪ್ರಶ್ನೆಪಟ್ಟಿ ಬದಿಗಿಟ್ಟು ಅಕ್ಕನ ಹಿಂದೆ ಇಡೀ ದಿನ ತಿರುಗಿದೆ. ಗೇರುಬೀಜ ಉದುರುವ ಮೊದಲು ಮರದ ಬುಡದ ಒಣಗಿದ ಎಲೆಯನ್ನೆಲ್ಲ ಗುಡಿಸಬೇಕು, ಇಲ್ಲದಿದ್ದರೆ ಬೀಜ ಕಣ್ಣಿಗೆ ಬೀಳುವುದಿಲ್ಲ. ಗುಡಿಸುವುದು ಕೈಯಲ್ಲೇ, ಬಗ್ಗಿ, ಬರಿಗಾಲಲ್ಲಿ. ಗುಡ್ಡೆ ಮಾಡಿ ತಬ್ಬಿಕೊಂಡು ಹೊತ್ತು ಹಾಕುತ್ತಾರೆ. ಹಣ್ಣು ಕೆಂಪಾದರೆ ಮಂಗಗಳ ಹಿಂಡು ಬರುತ್ತದೆ. ಹಣ್ಣು ಬೇಕಾದದ್ದು ಮಂಗಕ್ಕೆ ಮಾತ್ರ ಅಲ್ಲ, ಅದರಿಂದ ಫೆನಿ ಸಾರಾಯಿ ಇಳಿಸುವ ಭಟ್ಟಿಯವರಿಗೂ. ಹೀಗಾಗಿ ಫೆಬ್ರವರಿಯಿಂದ ಮೇವರೆಗೆ ಮಂಗ, ಮನುಷ್ಯ ಒಂದೇ ಮರದ ಕೆಳಗೆ. ಮರಿ ಉಣ್ಣೆಗಳ ಕಾಲವೂ ಸರಿಯಾಗಿ ಇದೇ. ಎಳ್ಳಿನ ಕಾಳಿಗಿಂತ ಚಿಕ್ಕವು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಮಂಗ ಸತ್ತರೆ ಅದರ ಮೈಮೇಲಿನ ಉಣ್ಣೆಗಳು ಕೆಳಗಿನ ಎಲೆಯ ಮೇಲೆ ಇಳಿಯುತ್ತವೆ. ಆ ಎಲೆಯನ್ನು ಅಕ್ಕ ತಬ್ಬಿಕೊಳ್ಳುತ್ತಾರೆ.

ನಾನು ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ಎಲೆಯ ಮೇಲೆ ಎಳೆದೆ. ಉಣ್ಣೆ ಹಿಡಿಯಲು ನಮ್ಮಲ್ಲಿ ಇರುವುದು ಇಷ್ಟೇ ಯಂತ್ರ. ಗುಡಿಸಿದ ಕಡೆ ಬಟ್ಟೆ ಬೆಳ್ಳಗೇ ಬಂತು. ಎಲೆ ಗುಡ್ಡೆ ಹಾಕಿದ್ದ ಬೇಲಿ ಪಕ್ಕ ಎಳೆದಾಗ ಕರಿ ಚುಕ್ಕೆಗಳು ನಡೆದಾಡುತ್ತಿದ್ದವು. ಅಕ್ಕ ಬಗ್ಗಿ ನೋಡಿ, “ಯವ್ವಾ, ಇವು ಉಣ್ಣೀನ?” ಅಂದರು. ಎಮ್ಮೆಯ ಕಿವಿಯಲ್ಲಿ ದಪ್ಪಗೆ ಜೋತಾಡುವುದು ಮಾತ್ರ ಉಣ್ಣೆ ಅಂತ ಅವರು ತಿಳಿದಿದ್ದರು. ಅಂದರೆ “ಉಣ್ಣೆ ಕಚ್ಚಿತ್ತಾ?” ಅನ್ನುವ ನನ್ನ ಏಳನೇ ಪ್ರಶ್ನೆಯೂ ದಂಡ!

ರಾತ್ರಿ ಕೂತು ಪಟ್ಟಿಯನ್ನು ಪೂರ್ತಿ ಹರಿದು ಬರೆದೆ. ಎಲೆ ಗುಡಿಸಿದ್ರಾ? ಕೈಯಲ್ಲೋ ಪೊರಕೆಯಲ್ಲೋ? ಊಟಕ್ಕೆ ಎಲ್ಲಿ ಕೂತಿರಿ? ಸೌದೆ ಎಲ್ಲಿಂದ ತಂದಿರಿ? ತೋಟದಲ್ಲಿ ಹಾಕಿದ ಬಟ್ಟೆಯಲ್ಲೇ ಮಲಗಿದ್ರಾ? ಹಳೆಯ ಮನೆಗಳಿಗೆಲ್ಲ ಮತ್ತೆ ಹೋದೆ. ಕೆಲವರು ನನ್ನನ್ನು ಕಂಡ ಕೂಡಲೇ ಬಾಗಿಲು ಹಾಕಿದರು, ಅವರ ಕಷ್ಟ ಅವರಿಗೆ. ಈ ಸಲ ಜ್ವರ ಬಂದವರ, ಬಾರದವರ ಉತ್ತರ ಬೇರೆ ಬೇರೆ ಬಂದವು. ಎಲೆ ಮುಟ್ಟಿದವರು ಒಂದು ಕಡೆ, ಮುಟ್ಟದವರು ಇನ್ನೊಂದು ಕಡೆ.

ಹಾಗಂತ ಎಲ್ಲಾ ಸರಿಹೋಗಲಿಲ್ಲ. ಕಾಯಿಲೆಗೆ ನೇರ ಔಷಧಿ ಇಲ್ಲ. ಹಳೆಯ ಲಸಿಕೆಯ ಎರಡು ಡೋಸ್ ಹಾಕಿಸಿಕೊಂಡರೂ ಪೂರ್ತಿ ಕಾಪಾಡುತ್ತಿರಲಿಲ್ಲ, ಕರ್ನಾಟಕದಲ್ಲಿ 2022ರಲ್ಲಿ ಅದನ್ನೂ ನಿಲ್ಲಿಸಿದರು. ಉಳಿದದ್ದು ಉಣ್ಣೆ ಹತ್ತದಂತೆ ಕೈಕಾಲಿಗೆ ಹಚ್ಚುವ ಎಣ್ಣೆ, ಮೈತುಂಬ ಬಟ್ಟೆ, ಮನೆಗೆ ಬಂದ ಕೂಡಲೇ ಸ್ನಾನ, ಬಟ್ಟೆಗೆ ಬಿಸಿನೀರು. ಏಪ್ರಿಲ್ ಬಿಸಿಲಿಗೆ ತುಂಬುತೋಳಿನ ಅಂಗಿ ಹಾಕಿ ಅಂತ ಎಸಿ ಕೋಣೆಯಲ್ಲಿ ಕೂತು ಹೇಳುವುದು ಸುಲಭ. ಇನ್ನು ಮಂಗ ಸತ್ತರೆ ಅರಣ್ಯದವರು, ದನ ಸತ್ತರೆ ನಮ್ಮವರು, ಮನುಷ್ಯ ಸತ್ತರೆ ಆರೋಗ್ಯದವರು. ಉಣ್ಣೆ ಯಾವ ಇಲಾಖೆಗೆ ಬರುತ್ತೆ ಅಂತ ಒಂದು ಮೀಟಿಂಗಿನಲ್ಲಿ ಕೇಳಿದೆ. ಎಲ್ಲರೂ ನಕ್ಕರು, ಚಹಾ ಬಂತು.

ದೊಡ್ಡ ತಲೆನೋವು ಬೇರೆಯೇ ಇತ್ತು. ಮಂಗ ಅಂದರೆ ಮಾರುತಿ. ಸತ್ತರೆ ಅರಿಶಿನ ಕುಂಕುಮ ಹಚ್ಚಿ, ಹೆಗಲ ಮೇಲೆ ಹೊತ್ತು, ಗುಂಡಿ ತೋಡಿ ಮಣ್ಣು ಮಾಡುತ್ತಾರೆ. ಹೊತ್ತವರ ಕೊರಳಿಗೆ ಉಣ್ಣೆ ಇಳಿಯುತ್ತದೆ. ನಮಗೋ ದೇಹ ಕೆಡುವ ಮೊದಲು ಸಿಗಬೇಕು, ಮಣ್ಣಲ್ಲಿ ಹೋದರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಪೂಜೆ ಮಾಡಬೇಡಿ ಅನ್ನಲು ನನಗೆ ಬಾಯಿ ಬರಲಿಲ್ಲ, ಹಾನಗಲ್ಲಿನಲ್ಲಿ ನಮ್ಮಪ್ಪನೂ ಹಾಗೇ ಹೊತ್ತವನು. ಅಕ್ಕನ ಹತ್ತಿರ ಇಷ್ಟು ಹೇಳಿದೆ: ದೂರದಿಂದ ಕೈ ಮುಗೀರಿ, ನನಗೊಂದು ಫೋನ್ ಮಾಡ್ರಿ, ನನ್ನ ಕೆಲಸ ಮುಗಿದ ಮೇಲೆ ಮಣ್ಣು ಮಾಡೋಣ.

ಮರುವರ್ಷ, ಅಂದರೆ 2018ರ ಮಾರ್ಚ್. ಬೆಳಿಗ್ಗೆ ಆರೂವರೆಗೆ ಫೋನ್ ಬಂತು.

“ಬಾಯಾರ, ಬೇಲಿ ಕಡೆ ಮುಸ್ಯಾ ಸತ್ತೈತ್ರಿ. ಯಾರೂ ಮುಟ್ಟಿಲ್ಲ. ದೂರದಿಂದ ಊದಬತ್ತಿ ಅಷ್ಟ ಹಚ್ಚೇವಿ. ಲಗೂನ ಬರ್ರಿ, ನಾಯಿ ಬರದಂಗ ಕಾಯಾಕತ್ತೇನಿ.”

ಗಮ್‌ಬೂಟು, ಐಸ್ ಡಬ್ಬಿ ಸ್ಕೂಟರಿಗೆ ಕಟ್ಟಿ ಹೊರಟೆ.