ಕಣ್ಣಿನ ಕ್ಯಾನ್ಸರ್: ಮೊದಲು ‘ಎಲ್ಲಿ’ ಎಂದು ಕೇಳಿ

‘ಕಣ್ಣಿಗೆ ಕ್ಯಾನ್ಸರ್ ಆಗಿದೆಯಂತೆ’ ಎಂಬ ಮಾತಿನಿಂದ ತಿಳಿಯುವುದು ತೀರಾ ಕಡಿಮೆ. ರೆಪ್ಪೆಯಂಚಿನಲ್ಲಿ ವರ್ಷಗಟ್ಟಲೆ ಆಮೆವೇಗದಲ್ಲಿ ಬೆಳೆಯುವ ಗಂಟಿಗೂ ಅದೇ ಹೆಸರು, ಎರಡು ವರ್ಷದ ಮಗುವಿನ ಅಕ್ಷಿಪಟವನ್ನು ಬೇಗನೆ ಆವರಿಸಿಕೊಳ್ಳುವ ಗೆಡ್ಡೆಗೂ ಅದೇ ಹೆಸರು. ಒಂದರಲ್ಲಿ ಪ್ರಾಣಾಪಾಯ ಬಹುತೇಕ ಇಲ್ಲ, ಇನ್ನೊಂದರಲ್ಲಿ ತಡಮಾಡಿದರೆ ಪ್ರಾಣಕ್ಕೇ ಕುತ್ತು. ವರದಿ ಕೈಗೆ ಬಂದಾಗ ಗಾಬರಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಓದುವ ಬದಲು ಈ ಕ್ರಮದಲ್ಲಿ ನೋಡಿ.

ಹಂತ 1: ಜಾಗ ಗುರುತಿಸಿ

ಜಾಗಗಳು ಮೂರು: ಕಣ್ಣುಗುಡ್ಡೆಯ ಒಳಗೆ, ಹೊರಮೈ ಮತ್ತು ರೆಪ್ಪೆ, ಗುಡ್ಡೆಯ ಹಿಂದಿನ ಮೂಳೆಗೂಡು. ಲಕ್ಷಣಗಳು ಕೂಡ ಹೀಗೆಯೇ ಬೇರೆಬೇರೆ. ಒಳಗಿನ ಗೆಡ್ಡೆ ನೋಟವನ್ನು ಕೆಡಿಸುತ್ತದೆ: ಮಂಜು, ಮಿಂಚು, ದೃಷ್ಟಿಯ ಒಂದು ಬದಿಯಲ್ಲಿ ನೆರಳು. ಹೊರಗಿನದು ಕನ್ನಡಿಯಲ್ಲಿ ಕಾಣುತ್ತದೆ. ಹಿಂದಿನದು ಗುಡ್ಡೆಯನ್ನು ಮುಂದಕ್ಕೆ ದೂಡುತ್ತದೆ, ಒಂದು ವಸ್ತು ಎರಡಾಗಿ ಕಾಣಬಹುದು. ಕಣ್ಣ ಮುಂದೆ ತೇಲುವ ಚುಕ್ಕೆಗಳೆಲ್ಲ ಕ್ಯಾನ್ಸರ್ ಅಲ್ಲ. ಹೆಚ್ಚಿನವು ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗುವುದರಿಂದ ಬಂದವು. ಆದರೆ ‘ನೋವಿಲ್ಲವಲ್ಲ, ಬಿಡು’ ಎನ್ನುವುದು ತಪ್ಪು. ಕಣ್ಣಿನ ಬಹುಪಾಲು ಕ್ಯಾನ್ಸರ್‌ಗಳು ಆರಂಭದಲ್ಲಿ ನೋಯುವುದೇ ಇಲ್ಲ.

ಹಂತ 2: ವಯಸ್ಸು ನೋಡಿ

ಐದು ವರ್ಷದೊಳಗಿನ ಮಗುವಾದರೆ ಮೊದಲು ನೆನಪಾಗಬೇಕಾದ್ದು ರೆಟಿನೋಬ್ಲಾಸ್ಟೋಮಾ. ಸುಮಾರು 15,000ದಿಂದ 20,000 ಜನನಗಳಿಗೆ ಒಂದರಂತೆ ಕಾಣಿಸಿಕೊಳ್ಳುವ ಅಕ್ಷಿಪಟದ ಕ್ಯಾನ್ಸರ್ ಇದು. ಹೆಚ್ಚಾಗಿ ಇದನ್ನು ಮೊದಲು ಗಮನಿಸುವವರು ಮನೆಯವರೇ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಹೊಳೆಯುತ್ತದೆ. ಇಲ್ಲವೇ ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು ಬರುತ್ತದೆ. ಮಗು ಓರೆಯಾಗಿ ನೋಡುವಾಗ ತೆಗೆದ ಫೋಟೋದಲ್ಲಿ ಆರೋಗ್ಯವಂತ ಕಣ್ಣೂ ಬೆಳ್ಳಗೆ ಕಾಣಬಹುದು, ಪೊರೆ ಇದ್ದರೂ ಹಾಗೇ ಆಗಬಹುದು. ಅದನ್ನು ಮನೆಯಲ್ಲೇ ಕೂತು ತೀರ್ಮಾನಿಸಬೇಡಿ. ಪಾಪೆ ಹಿಗ್ಗಿಸುವ ಹನಿ ಹಾಕಿ ವೈದ್ಯರು ಒಳಗೆ ನೋಡಲೇಬೇಕು, ಅದೂ ಕೆಲವೇ ದಿನಗಳೊಳಗೆ. ಮೊಬೈಲ್‌ಗಳು ಕೆಂಪುಗಣ್ಣನ್ನು ತಾವಾಗಿಯೇ ತಿದ್ದಿ ಸುಳಿವನ್ನೇ ಅಳಿಸಬಹುದು ಎಂಬುದೂ ಗಮನದಲ್ಲಿರಲಿ.

ಇಲ್ಲಿ ಸೂಜಿ ಚುಚ್ಚಿ ಬಯಾಪ್ಸಿ ತೆಗೆಯುವುದಿಲ್ಲ. ತೆಗೆದರೆ ಕ್ಯಾನ್ಸರ್ ಕೋಶಗಳು ಕಣ್ಣಿನಾಚೆ ಚೆಲ್ಲುವ ಭಯ. ಅರಿವಳಿಕೆ ಕೊಟ್ಟು ಮಾಡುವ ತಪಾಸಣೆ, ಅಲ್ಟ್ರಾಸೌಂಡ್, ಎಂಆರ್‌ಐ ಸಾಕಾಗುತ್ತವೆ. ಗೆಡ್ಡೆ ಕಣ್ಣಿನೊಳಗೇ ಇರುವಾಗ ಸಿಕ್ಕಿದರೆ ಬಹುಪಾಲು ಮಕ್ಕಳು ಉಳಿಯುತ್ತಾರೆ. ಕೀಮೋಥೆರಪಿ, ಲೇಸರ್, ಕಣ್ಣಿನ ರಕ್ತನಾಳಕ್ಕೇ ನೇರವಾಗಿ ಔಷಧ ಹರಿಸುವ ವಿಧಾನ ಇವೆಲ್ಲ ಇದ್ದರೂ ಕೆಲವೊಮ್ಮೆ ಕಣ್ಣನ್ನೇ ತೆಗೆಯಬೇಕಾಗುತ್ತದೆ. ಆ ಮಾತು ಕೇಳಿದ್ದೇ ತಂದೆತಾಯಿ ಹಿಂದೆಗೆದು ಕಳೆಯುವ ವಾರಗಳಿವೆಯಲ್ಲ, ನನ್ನ ಪ್ರಕಾರ ಈ ಕಾಯಿಲೆಯಲ್ಲಿ ಅತ್ಯಂತ ದುಬಾರಿ ವಾರಗಳು ಅವೇ.

ಈ ಕಾಯಿಲೆಯನ್ನೇ ಅಧ್ಯಯನ ಮಾಡಿ 1971ರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಆಲ್ಫ್ರೆಡ್ ನಡ್ಸನ್ ‘ಎರಡು ಪೆಟ್ಟಿನ’ ಸಿದ್ಧಾಂತ ಮುಂದಿಟ್ಟರು. 13ನೇ ವರ್ಣತಂತುವಿನಲ್ಲಿರುವ ಆರ್‌ಬಿ1 ಜೀನ್‌ನ ಎರಡೂ ಪ್ರತಿಗಳು ಕೆಟ್ಟಾಗ ಗೆಡ್ಡೆ ಹುಟ್ಟುತ್ತದೆ. ಸುಮಾರು ನೂರಕ್ಕೆ 40 ಮಕ್ಕಳಲ್ಲಿ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಅಂಥವರ ಎರಡೂ ಕಣ್ಣುಗಳಿಗೆ ಅಪಾಯ, ಮುಂದೆ ಮೂಳೆಯಂಥ ಕಡೆ ಬೇರೆ ಕ್ಯಾನ್ಸರ್ ಬರುವ ಸಾಧ್ಯತೆಯೂ ಹೆಚ್ಚು. ಮನೆತನದಲ್ಲಿ ಯಾರಿಗೂ ಇರಲಿಲ್ಲವೆಂಬುದು ಸಮಾಧಾನಕ್ಕೆ ಕಾರಣವಲ್ಲ: ಅನುವಂಶೀಯ ಬಗೆಯಲ್ಲೂ ಹೆಚ್ಚಿನವು ಆ ಮಗುವಿನಲ್ಲೇ ಹೊಸದಾಗಿ ಶುರುವಾದವು.

ದೊಡ್ಡವರ ಕಣ್ಣೊಳಗೆ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಮುಂದಿರುವುದು ಮೆಲನೋಮಾ. ಕಣ್ಣಿನ ನಡುಪದರದ ಬಣ್ಣದ ಕೋಶಗಳಿಂದ, ಬಹುತೇಕ ಅಕ್ಷಿಪಟದ ಹಿಂದಿನ ಕೋರಾಯ್ಡ್‌ನಲ್ಲಿ ಇದು ಹುಟ್ಟುತ್ತದೆ. ಬಿಳಿ ಚರ್ಮ, ತಿಳಿಬಣ್ಣದ ಕಣ್ಣಿನವರಲ್ಲಿ ಹೆಚ್ಚು. ಕಣ್ಣೊಳಗೂ ಮಚ್ಚೆಗಳಿರುತ್ತವೆ, ಅವುಗಳಲ್ಲಿ ಬಹುಪಾಲು ನಿರುಪದ್ರವಿ. ದಪ್ಪ 2 ಮಿಲಿಮೀಟರ್ ದಾಟಿದರೆ, ಸುತ್ತ ನೀರು ತುಂಬಿದರೆ, ಮೇಲೆ ಕಿತ್ತಳೆ ಬಣ್ಣದ ಪುಡಿಯಂಥದ್ದು ಕಂಡರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಹಂತ 3: ಇಲ್ಲೇ ಹುಟ್ಟಿದ್ದೋ, ಬೇರೆಡೆಯಿಂದ ಬಂದದ್ದೋ?

ಬಹಳ ಮಂದಿ ಕೇಳಲು ಮರೆಯುವ ಪ್ರಶ್ನೆ ಇದು. ದೊಡ್ಡವರ ಕಣ್ಣೊಳಗಿನ ಕ್ಯಾನ್ಸರ್ ಹಲವು ಬಾರಿ ಬೇರೆ ಅಂಗದಿಂದ ರಕ್ತದ ಮೂಲಕ ಬಂದದ್ದಾಗಿರುತ್ತದೆ. ಹೆಂಗಸರಲ್ಲಿ ಹೆಚ್ಚಾಗಿ ಸ್ತನದಿಂದ, ಗಂಡಸರಲ್ಲಿ ಶ್ವಾಸಕೋಶದಿಂದ. ಆಗ ಚಿಕಿತ್ಸೆ ಕಣ್ಣಿಗಷ್ಟೇ ಸೀಮಿತವಲ್ಲ, ಮೂಲ ಕಾಯಿಲೆಗೂ ಆಗಬೇಕು.

ಹಂತ 4: ವೇಷ ಹಾಕಿದವುಗಳನ್ನು ಅನುಮಾನಿಸಿ

ರೆಪ್ಪೆಯಲ್ಲಿ, ವಿಶೇಷವಾಗಿ ಕೆಳರೆಪ್ಪೆಯಲ್ಲಿ, ಬೇಸಲ್ ಸೆಲ್ ಕಾರ್ಸಿನೋಮಾ ಬರುತ್ತದೆ. ಮುತ್ತಿನ ಹೊಳಪಿನ ಅಂಚು, ನಡುವೆ ಮಾಯದ ಹುಣ್ಣು; ಅಕ್ಕಪಕ್ಕ ಹರಡೀತೇ ಹೊರತು ದೂರ ಹೋಗುವುದು ಅಪರೂಪ. ಯಾಮಾರಿಸುವುದು ರೆಪ್ಪೆಯ ಎಣ್ಣೆಗ್ರಂಥಿಗಳ ಸೆಬೇಷಿಯಸ್ ಕಾರ್ಸಿನೋಮಾ. ನೋಡಲು ಥೇಟ್ ಕಣ್ಣುಕುಟಿಕೆಯೇ. ನಡುವಯಸ್ಸು ದಾಟಿದವರಿಗೆ ಒಂದೇ ಜಾಗದಲ್ಲಿ ಗಂಟು ಮರಳಿ ಮರಳಿ ಎದ್ದರೆ, ಅಲ್ಲಿಯ ರೆಪ್ಪೆಗೂದಲು ಉದುರಿದರೆ, ಮತ್ತೆ ಮುಲಾಮು ಹಚ್ಚುವ ಬದಲು ಬಯಾಪ್ಸಿ ಕೇಳಿ. ಕಣ್ಣೊಳಗಿನ ಲಿಂಫೋಮಾದ (ಬಿಳಿರಕ್ತಕಣಗಳ ಕ್ಯಾನ್ಸರ್) ವೇಷ ಇನ್ನೊಂದು ಬಗೆಯದು. ಅದು ಉರಿಯೂತದಂತೆ ತೋರಿ, ಸ್ಟೆರಾಯ್ಡ್‌ಗೆ ಸ್ವಲ್ಪ ಇಳಿದು, ಮತ್ತೆ ಬರುತ್ತದೆ. ಮೆದುಳಿನ ಲಿಂಫೋಮಾದ ಜೊತೆ ಅದಕ್ಕೆ ನಂಟಿರುವುದರಿಂದ ಮೆದುಳಿನ ಸ್ಕ್ಯಾನ್ ಕೂಡ ಮಾಡಿಸುತ್ತಾರೆ.

ಬಿಳಿಗುಡ್ಡೆಯ ಮೇಲಿನ ತೆಳುಪದರದಲ್ಲಿ ಸ್ಕ್ವಾಮಸ್ (ಚಪ್ಪಟೆ ಕೋಶಗಳ) ಬಗೆಯ ಕ್ಯಾನ್ಸರ್ ಬರುತ್ತದೆ. ಅದಕ್ಕೆ ಬಿಸಿಲಿನ ನೇರಳಾತೀತ ಕಿರಣ, ಎಚ್‌ಐವಿ ಸೋಂಕು ಪೋಷಕ. ಮಗುವಿನ ಕಣ್ಣು ಕೆಲವೇ ದಿನಗಳಲ್ಲಿ ಮುಂದೆ ಚಾಚಿಕೊಂಡರೆ ಮೂಳೆಗೂಡಿನ ರಾಬ್ಡೋಮಯೋಸಾರ್ಕೋಮಾ ಎಂಬ ಕ್ಯಾನ್ಸರ್ ಇರಬಹುದು, ತುರ್ತಾಗಿ ಕರೆದೊಯ್ಯಿರಿ.

ಹಂತ 5: ಚಿಕಿತ್ಸೆಗೆ ಮುನ್ನ ಕೇಳಬೇಕಾದ್ದು

ಮೆಲನೋಮಾ ಎಂದಾದರೆ ಕಣ್ಣು ಉಳಿಸುವ ದಾರಿ ಇದೆಯೇ ಎಂದು ಕೇಳಿ. ಮಧ್ಯಮ ಗಾತ್ರದ ಗೆಡ್ಡೆಯಿದ್ದ 1,317 ಮಂದಿಯ ಮೇಲೆ ಉತ್ತರ ಅಮೆರಿಕದಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ, ಕಣ್ಣು ತೆಗೆಸಿಕೊಂಡವರಿಗೂ ಗೆಡ್ಡೆಯ ಬೆನ್ನಿಗೆ ಅಯೋಡಿನ್-125 ವಿಕಿರಣದ ಬಿಲ್ಲೆ ಹೊಲಿಸಿಕೊಂಡವರಿಗೂ ಬದುಕುಳಿಯುವ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬಿಲ್ಲೆಯಿಂದ ದೃಷ್ಟಿ ಕ್ರಮೇಣ ಮಂದವಾಗಬಹುದು, ಅದನ್ನೂ ಮೊದಲೇ ತಿಳಿದಿರಬೇಕು.

ಕಣ್ಣು ಗುಣವಾದರೂ ಇದು ಮುಗಿಯುವ ಕಾಯಿಲೆಯಲ್ಲ. ಸುಮಾರು ಅರ್ಧದಷ್ಟು ಜನರಲ್ಲಿ ಹತ್ತಾರು ವರ್ಷಗಳ ಮೇಲಾದರೂ ಮತ್ತೆ ಕಾಣಿಸುತ್ತದೆ, ಬಹುತೇಕ ಲಿವರ್‌ನಲ್ಲಿ. ಹಾಗೆ ಹರಡಿದವರಿಗೆ 2022ರಲ್ಲಿ ಟೆಬೆಂಟಫಸ್ಪ್ ಎಂಬ ಔಷಧ ಬಂತು. ರಕ್ತಪರೀಕ್ಷೆಯಲ್ಲಿ ನಿರ್ದಿಷ್ಟ ಅಂಗಾಂಶ ಗುರುತು ಇರುವವರಿಗಷ್ಟೇ ಅದು ಕೆಲಸ ಮಾಡುತ್ತದೆ. ಗೆಡ್ಡೆಯ ಜೀನ್ ಪರೀಕ್ಷೆ ಮಾಡಿಸಬಹುದೇ ಎಂದು ವಿಚಾರಿಸಿ. ಅದರಲ್ಲಿ 3ನೇ ವರ್ಣತಂತುವಿನ ಒಂದು ಪ್ರತಿ ಕಳೆದುಹೋಗಿದ್ದರೆ ಹರಡುವ ಅಪಾಯ ಹೆಚ್ಚು. ಲಿವರ್ ಸ್ಕ್ಯಾನ್ ಎಷ್ಟು ತಿಂಗಳಿಗೊಮ್ಮೆ ಬೇಕೆಂಬುದನ್ನು ವೈದ್ಯರು ಗೆಡ್ಡೆಯ ಗಾತ್ರದ ಜೊತೆ ಆ ವರದಿಯನ್ನೂ ಇಟ್ಟುಕೊಂಡು ನಿಗದಿ ಮಾಡುತ್ತಾರೆ.