ಕಂಪನಿಗೆ ಮಾರಾಟ, ಅಂಗಡಿಗೆ ದಾಸ್ತಾನು: ಲಾನ್ ಮೋವರ್ ಕಂಪನಿಯ ಲೆಕ್ಕ ಓದಿದ ಅನುಭವ

ಬೆಂಗಳೂರಿನ ಒಂದು ಆಫೀಸಿನಲ್ಲಿ ಕೂತು ಅಮೆರಿಕದ ಕಂಪನಿಗಳ ಲೆಕ್ಕ ಓದುವುದು ನನ್ನ ಕೆಲಸ. ಓದಿ ಬರೆದ ವರದಿ ಅಲ್ಲಿನ ಹೂಡಿಕೆದಾರರಿಗೆ ಹೋಗುತ್ತದೆ. 2022ರ ಕೊನೆಯಲ್ಲಿ ನನ್ನ ಪಾಲಿಗೆ ಬಂದ ಕಂಪನಿ ಟೋರೊ. ಮಿನ್ನೆಸೋಟ ರಾಜ್ಯದ ಬ್ಲೂಮಿಂಗ್ಟನ್ ಊರಿನದು, 1914ರಲ್ಲಿ ಶುರುವಾದದ್ದು. ಮನೆ ಮುಂದಿನ ಹುಲ್ಲು ಕತ್ತರಿಸುವ ಲಾನ್ ಮೋವರ್, ಗಾಲ್ಫ್ ಮೈದಾನದ ದೊಡ್ಡ ಯಂತ್ರಗಳು, ಹಿಮ ಎತ್ತಿ ಎಸೆಯುವ ಮೆಷಿನ್, ನೆಲದಡಿ ಪೈಪ್ ಹಾಕೋಕೆ ಕಾಲುವೆ ತೋಡುವ ಯಂತ್ರ, ಎಲ್ಲ ಮಾಡುತ್ತಾರೆ.

ನಾನು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವನು. ನಮ್ಮಲ್ಲಿ ಅಂಗಳ ಇರುವುದು ಅಡಿಕೆ ಒಣಗಿಸಲು. ನೀರು, ಗೊಬ್ಬರ ಹಾಕಿ ಹುಲ್ಲು ಬೆಳೆಸಿ, ಆಮೇಲೆ ಅದನ್ನೇ ಕತ್ತರಿಸೋಕೆ ಮೆಷಿನ್ ಕೊಳ್ಳುವ ಜನ ಇದ್ದಾರೆ ಎಂದು ನಂಬಲು ನನಗೆ ಸ್ವಲ್ಪ ದಿನ ಬೇಕಾಯಿತು. ಆ ನಂಬಿಕೆಯ ಮೇಲೇ ವರ್ಷಕ್ಕೆ 450 ಕೋಟಿ ಡಾಲರ್ ವ್ಯಾಪಾರ ನಡೆಯುತ್ತದೆ.

ನನ್ನ ಮೊದಲ ವರದಿಯೇ ತಪ್ಪಾಯಿತು. ಅದನ್ನು ಹೇಳಿಬಿಡುತ್ತೇನೆ.

ಟೋರೊದ ಹಣಕಾಸು ವರ್ಷ ಮುಗಿಯುವುದು ಅಕ್ಟೋಬರ್ 31ಕ್ಕೆ. 2022ರಲ್ಲಿ ಮಾರಾಟ ಸುಮಾರು 451 ಕೋಟಿ ಡಾಲರ್, ಹಿಂದಿನ ವರ್ಷ 396 ಕೋಟಿ. ಶೇ 14ರಷ್ಟು ಏರಿಕೆ. ಲಾಭ 44 ಕೋಟಿ ಡಾಲರ್ ಮೇಲೆ. ನಾನು ಖುಷಿಯಾಗಿ ಬರೆದೆ. ದಾಸ್ತಾನು 74 ಕೋಟಿಯಿಂದ 105 ಕೋಟಿಗೆ ಏರಿತ್ತು. ಅದು ಕಣ್ಣಿಗೆ ಬೀಳಲಿಲ್ಲ ಅಂತಲ್ಲ. 'ಬಿಡಿಭಾಗಗಳ ಕೊರತೆ ನೀಗುತ್ತಿದೆ, ಮುಂದಿನ ಸೀಸನ್ನಿಗೆ ಮಾಲು ಸಿದ್ಧವಾಗುತ್ತಿದೆ' ಎಂದು ಒಂದು ಸಾಲು ಬರೆದು ಮುಂದೆ ಹೋದೆ.

ಆ ಶೇ 14ರಲ್ಲಿ ಬೆಲೆ ಏರಿಸಿದ್ದು ಎಷ್ಟು, ಹೊಸದಾಗಿ ಕೊಂಡ ಕಂಪನಿಯಿಂದ ಬಂದದ್ದು ಎಷ್ಟು, ನಿಜವಾಗಿ ಜಾಸ್ತಿ ಮೆಷಿನ್ ಹೋಗಿದ್ದು ಎಷ್ಟು ಎಂದು ನಾನು ಬಿಡಿಸಿ ನೋಡಲಿಲ್ಲ. ವಾರ್ಷಿಕ ವರದಿಯಲ್ಲಿ ಆಡಳಿತ ಮಂಡಳಿಯ ಮಾತುಗಳ ಭಾಗದಲ್ಲೇ ಕಾರಣಗಳು ಇದ್ದವು. ಓದಬೇಕಿತ್ತು, ಅಷ್ಟೆ.

2023ರ ಸೆಪ್ಟೆಂಬರಿನಲ್ಲಿ ಮೂರನೇ ತ್ರೈಮಾಸಿಕದ ಲೆಕ್ಕ ಬಂತು. ಅಲ್ಲಿನ ಬೆಳಿಗ್ಗೆ ಅಂದರೆ ನಮಗೆ ಸಂಜೆ. ಚಹಾ ಲೋಟ ಕೈಯಲ್ಲೇ ಇತ್ತು. ಲಾಭ ಇರಬೇಕಾದ ಜಾಗದಲ್ಲಿ 1.5 ಕೋಟಿ ಡಾಲರ್ ನಷ್ಟ. ಮನೆಬಳಕೆಯ ಮೆಷಿನ್‌ಗಳ ಮಾರಾಟ ಜೋರಾಗಿ ಬಿದ್ದಿತ್ತು. ಜೊತೆಗೆ, ಹಿಂದೆ ಕೊಂಡಿದ್ದ ಒಂದು ಕಂಪನಿಯ ಬೆಲೆಯಲ್ಲಿ ಒಂದೇ ಸಲ 15.13 ಕೋಟಿ ಡಾಲರ್ ನಷ್ಟವೆಂದು ಬರೆದುಹಾಕಿದ್ದರು.

ಅದಾಗಿ ಹತ್ತು ದಿನಕ್ಕೆ ಗೌರಿ ಗಣೇಶ ಹಬ್ಬ. ಊರಿಗೆ ಹೋದೆ. ಭಾವನ ಅಂಗಡಿ ಸಾಗರದಲ್ಲಿದೆ. ಬ್ರಷ್ ಕಟರ್, ಔಷಧಿ ಹೊಡೆಯುವ ಪಂಪು, ಮರ ಕೊಯ್ಯುವ ಮೆಷಿನ್, ನೈಲಾನ್ ದಾರ, ಟೂ-ಟಿ ಆಯಿಲ್. ಅದು ಮಳೆ ಕೈಕೊಟ್ಟ ವರ್ಷ. ರಾಜ್ಯದ ಹೆಚ್ಚಿನ ತಾಲ್ಲೂಕುಗಳನ್ನು ಬರಪೀಡಿತ ಎಂದು ಸರ್ಕಾರ ಆ ತಿಂಗಳೇ ಸಾರಿತ್ತು. ಮಳೆ ಇಲ್ಲದಿದ್ದರೆ ಹುಲ್ಲು ಏಳಲ್ಲ. ಹುಲ್ಲು ಏಳದಿದ್ದರೆ ಬ್ರಷ್ ಕಟರ್ ಯಾರಿಗೆ ಬೇಕು? ಅಂಗಡಿಯ ಹಿಂಬದಿಯಲ್ಲಿ ರಟ್ಟಿನ ಡಬ್ಬಿಗಳು ಮಾಡಿನವರೆಗೆ ಪೇರಿಸಿದ್ದವು. ಕೆಳಗಿನ ಸಾಲಿನ ಡಬ್ಬಿಗಳು ಥಂಡಿಗೆ ಮೆತ್ತಗಾಗಿ ಓರೆಯಾಗಿದ್ದವು. ಒಂದರ ಮೇಲೆ ಭಾವ ಕೂತಿದ್ದರು.

"ಎಷ್ಟಿವೆ ಭಾವ ಇವು?"

"ಎಣಿಸಕ್ಕೆ ಹೋಗಿಲ್ಲ, ಹೊಟ್ಟೆ ಉರಿಯುತ್ತೆ" ಅಂದರು. ಮಾರ್ಚಿನಲ್ಲಿ ಕಂಪನಿಯ ಹುಡುಗ ಬಂದು, ಟಾರ್ಗೆಟ್ ಮುಗಿಸಬೇಕು, ಸ್ಕೀಮ್ ಇದೆ ಎಂದು ಹೇಳಿ ಇಳಿಸಿ ಹೋಗಿದ್ದನಂತೆ. "ಕಂಪನಿ ಲೆಕ್ಕದಲ್ಲಿ ಇವೆಲ್ಲ ಮಾರ್ಚಲ್ಲೇ ಮಾರಾಟ ಆಗಿಹೋಗಿವೆ ಮಾರಾಯ. ನನ್ನ ಲೆಕ್ಕದಲ್ಲಿ ಇನ್ನೂ ಇಲ್ಲೇ ಕೂತಿವೆ."

ಈ ಮಾತು ಕೇಳಲು ನಾನು ಗಂಟೆಗಟ್ಟಲೆ ಬಸ್ಸಲ್ಲಿ ಕೂತು ಬರಬೇಕಾಯಿತು. ಪುಸ್ತಕದಲ್ಲಿ ಓದಿರಲಿಲ್ಲ ಎಂದಲ್ಲ. ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ.

ಬೆಂಗಳೂರಿಗೆ ವಾಪಸ್ ಬಂದು ಟೋರೊದ ಹಳೆಯ ವಾರ್ಷಿಕ ವರದಿಗಳನ್ನು ಮತ್ತೆ ತೆಗೆದೆ. ಅಮೆರಿಕದ ಷೇರು ನಿಯಂತ್ರಣ ಸಂಸ್ಥೆಯ ತಾಣದಲ್ಲಿ ಎಲ್ಲ ಬಿಟ್ಟಿ ಸಿಗುತ್ತವೆ. ಈ ಸಲ ಮೊದಲ ಪುಟದಿಂದಲ್ಲ, ಹಿಂದಿನ ಟಿಪ್ಪಣಿಗಳಿಂದ ಶುರು ಮಾಡಿದೆ. ಅಲ್ಲಿ ರೆಡ್ ಐರನ್ ಎಂಬ ಹೆಸರು. ಟೋರೊ 2009ರಲ್ಲಿ ಒಂದು ಬ್ಯಾಂಕಿನ ಜೊತೆ ಸೇರಿ ಮಾಡಿಕೊಂಡ ಸಾಲ ಕೊಡುವ ಕಂಪನಿ ಅದು. ಡೀಲರ್ ಮಾಲು ತರಿಸಿಕೊಂಡಾಗ ಟೋರೊಗೆ ದುಡ್ಡು ಕೊಡುವುದು ರೆಡ್ ಐರನ್. ಡೀಲರ್ ಆಮೇಲೆ ರೆಡ್ ಐರನ್‌ಗೆ ತೀರಿಸುತ್ತಾನೆ.

ಇದರಿಂದ ಏನಾಗುತ್ತದೆ ನೋಡಿ. ಟೋರೊದ ಲೆಕ್ಕದಲ್ಲಿ ಬರಬೇಕಾದ ಬಾಕಿ ಯಾವಾಗಲೂ ಕಡಿಮೆ ಕಾಣುತ್ತದೆ, ಸುಮಾರು ಒಂದು ತಿಂಗಳ ಮಾರಾಟದಷ್ಟು. ನಮ್ಮ ಕಡೆಯ ಕಂಪನಿಯಾದರೆ ಡೀಲರ್ ಬಾಕಿ ಏರಿದ್ದು ನೋಡಿ 'ಮಾಲು ತುರುಕಿದ್ದಾರೆ' ಎಂದು ವಾಸನೆ ಹಿಡಿಯಬಹುದು. ಇಲ್ಲಿ ಆ ದಾರಿ ಮುಚ್ಚಿದೆ. ಇದರಲ್ಲಿ ಮೋಸ ಏನೂ ಇಲ್ಲ, ಎಲ್ಲ ಟಿಪ್ಪಣಿಯಲ್ಲಿ ಬರೆದೇ ಇರುತ್ತದೆ. ಆದರೆ ಅಂಗಡಿಯ ಹಿಂಬದಿ ಲೆಕ್ಕದಲ್ಲಿ ಕಾಣುವುದಿಲ್ಲ. ಕಾಣುವುದು ಕಂಪನಿಯ ಸ್ವಂತ ಗೋದಾಮು ಮಾತ್ರ. ಹಾಗಾಗಿ ಅದನ್ನೇ ಹಿಡಿದೆ.

ಲೆಕ್ಕ ಸುಲಭ. ವರ್ಷದ ಕೊನೆಯ ದಾಸ್ತಾನನ್ನು ಆ ವರ್ಷ ಮಾರಿದ ಮಾಲಿನ ತಯಾರಿ ವೆಚ್ಚದಿಂದ ಭಾಗಿಸಿ, 365ರಿಂದ ಗುಣಿಸಬೇಕು. ಮಾಲು ಎಷ್ಟು ದಿನ ಗೋದಾಮಿನಲ್ಲಿ ಕೂರುತ್ತದೆ ಎಂದು ಸಿಗುತ್ತದೆ. ಟೋರೊಗೆ 2021ರಲ್ಲಿ ಸುಮಾರು 103 ದಿನ. 2022ರಲ್ಲಿ 127. 2023ರಲ್ಲಿ 133. ನಾನು ಖುಷಿಯಾಗಿ ಬರೆದ ವರ್ಷವೇ 24 ದಿನ ಏರಿತ್ತು! ದಾರ ಸಡಿಲ ಬಿಟ್ಟ ಗಾಳಿಪಟದ ಹಾಗೆ ದಾಸ್ತಾನು ಮೇಲೆ ಹೋಗುತ್ತಿತ್ತು, ನಾನು ಕೆಳಗೆ ನೋಡುತ್ತಿದ್ದೆ.

ಒಂದು ಎಚ್ಚರಿಕೆ. ಈ ದಿನಗಳನ್ನು ತ್ರೈಮಾಸಿಕದಿಂದ ತ್ರೈಮಾಸಿಕಕ್ಕೆ ಹೋಲಿಸಿದರೆ ಕೆಡುತ್ತದೆ. ಜನವರಿ ಕೊನೆಗೆ ಗೋದಾಮು ತುಂಬಿರಲೇಬೇಕು, ವಸಂತ ಬಂದರೆ ಹುಲ್ಲು ಏಳುತ್ತದಲ್ವಾ. ಜನವರಿಯನ್ನು ಜನವರಿಗೇ ಹೋಲಿಸಬೇಕು. ಮಿಲಿಯನ್ ಲೆಕ್ಕವನ್ನು ಕೋಟಿಗೆ ಬದಲಿಸುವಾಗಲೂ ಎಚ್ಚರ ಬೇಕು. ಒಮ್ಮೆ ಸೊನ್ನೆ ತಪ್ಪಿ ಹತ್ತು ಪಟ್ಟು ದಾಸ್ತಾನು ತೋರಿಸಿ ಒಂದು ಗಂಟೆ ಬೆವರಿದ್ದೇನೆ.

ಇನ್ನು ಆ 15.13 ಕೋಟಿ. 2022ರ ಜನವರಿಯಲ್ಲಿ ಟೋರೊ ಅರ್ಕಾನ್ಸಸ್‌ನ ಇಂಟಿಮಿಡೇಟರ್ ಗ್ರೂಪ್ ಎಂಬ ಕಂಪನಿಯನ್ನು 40 ಕೋಟಿ ಡಾಲರಿಗೆ ಕೊಂಡಿತ್ತು. ಸ್ಪಾರ್ಟನ್ ಹೆಸರಿನ, ನಿಂತಲ್ಲೇ ತಿರುಗುವ ಮೋವರ್‌ಗಳು ಅವರವು. ಎರಡು ವರ್ಷ ತುಂಬುವ ಮೊದಲೇ ಕೊಟ್ಟ ಬೆಲೆಯಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಪಾಲನ್ನು ಬರೆದುಹಾಕಿದರು. ಫಸಲು ಚೆನ್ನಾಗಿ ಬರುತ್ತದೆ ಎಂದು ಜಾಸ್ತಿ ಕೊಟ್ಟು ತೋಟ ಕೊಂಡವರು, ಮಾರನೇ ವರ್ಷವೇ ಕೊಳೆರೋಗ ಕಂಡ ಹಾಗೆ. ಕಂಪನಿ ಇದನ್ನು 'ನಗದು ಅಲ್ಲದ ವೆಚ್ಚ' ಎಂದು ಬದಿಗಿಟ್ಟು, 'ಹೊಂದಿಸಿದ' ಲಾಭ ಷೇರಿಗೆ 95 ಸೆಂಟ್ ಎಂದು ತೋರಿಸಿತು. ಎಲ್ಲ ಕಂಪನಿಗಳೂ ಹೀಗೆ ಮಾಡುತ್ತವೆ. ನನಗಂತೂ ಒಪ್ಪಿಗೆಯಾಗುವುದಿಲ್ಲ. ಆ ತ್ರೈಮಾಸಿಕದಲ್ಲಿ ನಗದು ಹೋಗಲಿಲ್ಲ, ಸರಿ. ಹೋಗಿದ್ದು 2022ರ ಜನವರಿಯಲ್ಲಿ. ನನ್ನ ಹಾಳೆಯಲ್ಲಿ ಎರಡೂ ಲಾಭ ಪಕ್ಕಪಕ್ಕ ಇರುತ್ತವೆ.

ಪೂರ್ತಿ ವರ್ಷ ನೋಡಿದರೆ ಟೋರೊ ಮುಳುಗಲಿಲ್ಲ. 2023ರಲ್ಲಿ ಮಾರಾಟ 455 ಕೋಟಿ, ಲಾಭ ಸುಮಾರು 33 ಕೋಟಿ. ಮನೆಬಳಕೆಯ ವಿಭಾಗ ಶೇ 20ರಷ್ಟು ಬಿದ್ದರೂ, ಗಾಲ್ಫ್ ಮೈದಾನ ಮತ್ತು ಕಾಲುವೆ ತೋಡುವ ಯಂತ್ರಗಳ ಕಡೆ ಗ್ರಾಹಕರು ಇನ್ನೂ ಕ್ಯೂ ನಿಂತಿದ್ದರು. ಗಾಲ್ಫ್ ಕ್ಲಬ್ಬಿನವರು ಮಳೆ ಬರಲಿ ಬಿಡಲಿ ಹುಲ್ಲು ಕತ್ತರಿಸಲೇಬೇಕು.

ಎರಡು ಕಾಲಿನ ಮೇಲೆ ನಿಲ್ಲದಿದ್ದರೆ ಏನಾಗುತ್ತದೆ ಎನ್ನಲು ಬ್ರಿಗ್ಸ್ ಅಂಡ್ ಸ್ಟ್ರಾಟನ್ ಫೈಲು ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. 1908ರಲ್ಲಿ ಮಿಲ್ವಾಕಿಯಲ್ಲಿ ಶುರುವಾದ, ಲಾನ್ ಮೋವರ್ ಎಂಜಿನ್‌ಗೆ ಹೆಸರಾದ ಕಂಪನಿ. 2019ರ ಜೂನಿಗೆ ಮುಗಿದ ವರ್ಷ 184 ಕೋಟಿ ಡಾಲರ್ ಮಾರಾಟ, 5 ಕೋಟಿ ಮೀರಿ ನಷ್ಟ. ದೊಡ್ಡ ಗಿರಾಕಿಯಾಗಿದ್ದ ಸಿಯರ್ಸ್ ಎಂಬ ಅಂಗಡಿ ಸರಪಳಿ ಅದಕ್ಕೆ ಮೊದಲೇ ದಿವಾಳಿಯಾಗಿತ್ತು. ಶೇ 6.875 ಬಡ್ಡಿಯ ಸಾಲಪತ್ರಗಳ ಗಡುವು 2020ರ ಡಿಸೆಂಬರ್. 2020ರ ಜುಲೈ 20ಕ್ಕೇ ದಿವಾಳಿ ಅರ್ಜಿ ಹಾಕಿದರು. ಜನ ಮನೆಯಲ್ಲೇ ಕೂತು ಲಾನ್ ನೋಡಿಕೊಳ್ಳುತ್ತಿದ್ದ ಬೇಸಿಗೆ ಅದು! ಮಾರಾಟ ಇದ್ದೂ ಸಾಲದ ಗಡುವು ಕತ್ತು ಹಿಡಿಯಿತು. ಅವತ್ತಿನಿಂದ ಸಾಲ ತೀರಿಸುವ ವರ್ಷಗಳ ಪಟ್ಟಿ ನೋಡದೆ ಯಾವ ಕಂಪನಿಯ ವರದಿಯನ್ನೂ ಮುಚ್ಚುವುದಿಲ್ಲ.

2024ರಲ್ಲಿ ಟೋರೊದ ಮನೆಬಳಕೆಯ ವಿಭಾಗ ಮತ್ತೆ ಏರಿ ಸುಮಾರು 100 ಕೋಟಿ ಡಾಲರ್ ಮುಟ್ಟಿತು. ಅದೇ ವರ್ಷ ಲೋಸ್ ಎಂಬ ದೊಡ್ಡ ಅಂಗಡಿ ಸರಪಳಿಗೆ ಮಾಲು ಹೋಗಲು ಶುರುವಾಗಿತ್ತು. ಆಫೀಸಿನಲ್ಲಿ ಒಬ್ಬರು 'ಬೇಡಿಕೆ ವಾಪಸ್ ಬಂತು' ಅಂದರು. ನಾನು ವರದಿಯಲ್ಲಿ ಬೇರೆ ಥರ ಬರೆದೆ: ಹೊಸ ಅಂಗಡಿಯ ಕಪಾಟು ತುಂಬುವುದು ಒಂದೇ ಸಲ, ಇದರಲ್ಲಿ ಮನೆಗೆ ಹೋದದ್ದು ಎಷ್ಟು, ಕಪಾಟಿನಲ್ಲಿ ಕೂತದ್ದು ಎಷ್ಟು ಎನ್ನುವುದು ಮುಂದಿನ ವರ್ಷದ ಆರ್ಡರಿನಲ್ಲೇ ತಿಳಿಯಬೇಕು.

ಭಾವನ ಡಬ್ಬಿಗಳು ಆಮೇಲೆ ಖಾಲಿಯಾದವು. 2024ರಲ್ಲಿ ಮಳೆ ಹೊಡೆದ ಹೊಡೆತಕ್ಕೆ ಸ್ಟಾಕ್ ಸಾಲದೆ ಶಿವಮೊಗ್ಗದಿಂದ ತರಿಸಿದರು. ಈಗ ಮಾರ್ಚಿನಲ್ಲಿ ಕಂಪನಿಯ ಹುಡುಗ ಬಂದರೆ ಮೊದಲು ಕಾಫಿ ಕೊಟ್ಟು, ಆಮೇಲೆ ಅಂಗಡಿಯ ಹಿಂಬದಿಗೆ ಕರೆದುಕೊಂಡು ಹೋಗಿ ತೋರಿಸುತ್ತಾರಂತೆ.